ಹಾಡಿನ ತಂತಿ, ಗಂಟೆಯ ತಂತಿ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿಕೊಂಡಾಗ, ಅವರು ನನ್ನಿಂದ ನಿರೀಕ್ಷಿಸಿದ್ದು ಬಾಲ್ಯದ ನೆನಪುಗಳನ್ನು. ಮಳೆಗಾಲದಲ್ಲಿ ತೋಡು ದಾಟಿ ಶಾಲೆಗೆ ಬಂದದ್ದು, ಜಗಲಿಯಲ್ಲಿ ಕೊಡೆಗಳನ್ನು ಸಾಲಾಗಿ ತೂಗುಹಾಕಿದ್ದು, ಇವನ್ನೆಲ್ಲ ನನಗಿಂತ ಚೆನ್ನಾಗಿ ಬರೆಯಬಲ್ಲವರು ಈ ಸಂಚಿಕೆಯಲ್ಲೇ ಹಲವರಿದ್ದಾರೆ. ನಾನು ರೇಡಿಯೊ, ಮೈಕ್ ಸೆಟ್ಟುಗಳನ್ನು ರಿಪೇರಿ ಮಾಡಿ ಬದುಕಿದವನು. ಮಹೋತ್ಸವದ ಸಿದ್ಧತೆಯ ದಿನಗಳಲ್ಲಿ ನನ್ನ ಮೇಜಿಗೆ ಬಂದ ಒಂದು ಸಣ್ಣ ಕೆಲಸದ ವಿಚಾರವನ್ನೇ ಇಲ್ಲಿ ಬರೆಯುತ್ತೇನೆ. ಕೆಲಸ ಸಣ್ಣದಾದರೂ ಅದರಲ್ಲಿ ಒಂದು ಜೀವದ ಪ್ರಶ್ನೆಯಿತ್ತು. ನಮ್ಮ ಶಾಲೆಯ ಒಂದು ಪಾಠವೂ ಇತ್ತು.

ಮಹೋತ್ಸವದ ಎರಡನೆಯ ದಿನ ರಾತ್ರಿ ಹಳೆ ವಿದ್ಯಾರ್ಥಿಗಳ ರಸಮಂಜರಿ ಕಾರ್ಯಕ್ರಮವಿರುವುದು ಎಲ್ಲರಿಗೂ ತಿಳಿದದ್ದೇ. ಅದರಲ್ಲಿ ಗಿಟಾರ್ ನುಡಿಸುವವಳು ನನ್ನ ಸಹಪಾಠಿಯೊಬ್ಬನ ಮಗಳು. ಅವಳೂ ನಮ್ಮ ಶಾಲೆಯಲ್ಲಿಯೇ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಕಾಸರಗೋಡಿನ ಕಡೆ ಗಿಟಾರ್ ಎಂದರೆ ಇಗರ್ಜಿಯ ಗಾಯನವೃಂದದ ವಾದ್ಯ ಎಂದು ನಾವು ತಿಳಿದಿದ್ದ ಕಾಲವೊಂದಿತ್ತು. ಈಗ ಅದು ಎಲ್ಲ ಮನೆಗಳ ಒಳಗೂ ಬಂದಿದೆ. ಈ ಹುಡುಗಿಯ ತಂದೆ ಗಲ್ಫಿನಲ್ಲಿ ದುಡಿದು ಕಳುಹಿಸಿದ ಹಣದಲ್ಲಿ ಕೊಂಡ, ವಾಲ್ವುಗಳಿರುವ ಹಳೆಯ ಆಂಪ್ಲಿಫೈಯರ್ ಒಂದು, ಧ್ವನಿಯ ಬಣ್ಣ ಬದಲಿಸುವ ನಾಲ್ಕು ಪೆಡಲ್‌ಗಳು ಮತ್ತು ಲೂಪ್ ಸ್ವಿಚ್ಚರ್ ಎಂಬ ಒಂದು ಲೋಹದ ಪೆಟ್ಟಿಗೆ ಅವಳ ಬಳಿಯಿದ್ದವು.

ಈ ಲೂಪ್ ಸ್ವಿಚ್ಚರ್ ಏನೆಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಗಿಟಾರಿನಿಂದ ಹೊರಟ ಕ್ಷೀಣವಾದ ವಿದ್ಯುತ್ ಸಂಕೇತ ಒಂದರ ಹಿಂದೊಂದರಂತೆ ಎಲ್ಲ ಪೆಡಲ್‌ಗಳನ್ನೂ ಹಾದು ಆಂಪ್ಲಿಫೈಯರನ್ನು ಸೇರುವುದು ಸಾಮಾನ್ಯ ಪದ್ಧತಿ. ಬೇಡದ ಪೆಡಲ್‌ನ ಒಳಗೂ ಅದು ನುಗ್ಗಿಯೇ ಹೋಗಬೇಕಾಗುತ್ತದೆ. ದಾರಿ ಉದ್ದವಾದಷ್ಟೂ ಕೇಬಲ್ಲಿನ ಧಾರಕಶಕ್ತಿ (ಮೀಟರಿಗೆ ಸುಮಾರು 100 ಪಿಕೋ ಫ್ಯಾರಡ್) ಮೇಲಿನ ಸ್ವರಗಳ ಹೊಳಪನ್ನು ನುಂಗುತ್ತದೆ. ಲೂಪ್ ಸ್ವಿಚ್ಚರಿನಲ್ಲಿ ಪ್ರತಿಯೊಂದು ಪೆಡಲ್‌ಗೂ ಒಂದು ಹೋಗುವ ಬಾಗಿಲು, ಒಂದು ಬರುವ ಬಾಗಿಲು. ಬೇಕಾದಾಗ ಸಂಕೇತ ಆ ಕೋಣೆಯನ್ನು ಹೊಕ್ಕು ಬರುತ್ತದೆ. ಬೇಡವಾದಾಗ ಜಗಲಿಯ ಮೇಲೆಯೇ ನಡೆದು ಮುಂದಕ್ಕೆ ಹೋಗುತ್ತದೆ. ಬಾಗಿಲು ತೆರೆದು ಮುಚ್ಚುವ ಕೆಲಸವನ್ನು ಒಳಗಿರುವ ಪುಟ್ಟ ರಿಲೇಗಳು ಮಾಡುತ್ತವೆ. ಯಾವ ಗುಂಡಿಯನ್ನು ಮೆಟ್ಟಿದಾಗ ಯಾವ ಯಾವ ಬಾಗಿಲು ತೆರೆಯಬೇಕೆಂಬುದನ್ನು ಮೊದಲೇ ಹೊಂದಿಸಿಡಬಹುದು.

ಹುಡುಗಿಯ ತೊಡಕು ಇಷ್ಟೇ. ಅವಳ ಆಂಪ್ಲಿಫೈಯರಿಗೆ ಎರಡು ಚಾನೆಲ್‌ಗಳಿವೆ; ಒಂದು ತಿಳಿಯಾದ ಧ್ವನಿ, ಇನ್ನೊಂದು ಗಡಸು ಧ್ವನಿ. ಅವನ್ನು ಬದಲಾಯಿಸಲು ಅದಕ್ಕೆ ತನ್ನದೇ ಆದ ಫುಟ್‌ಸ್ವಿಚ್ ಇದೆ. ಪಲ್ಲವಿಯಿಂದ ಚರಣಕ್ಕೆ ಹೋಗುವ ಒಂದೇ ತಾಳದ ಅವಧಿಯಲ್ಲಿ ಸ್ವಿಚ್ಚರಿನ ಗುಂಡಿಯನ್ನೂ ಆಂಪ್ಲಿಫೈಯರಿನ ಗುಂಡಿಯನ್ನೂ ಮೆಟ್ಟಬೇಕು, ಅದೂ ನುಡಿಸುತ್ತಾ, ಹಾಡುತ್ತಾ. ಯಕ್ಷಗಾನದ ವೇಷಧಾರಿಗಾದರೆ ಅದೇನೂ ಕಷ್ಟವಲ್ಲವೆನ್ನಿ. ಆದರೆ ಅವಳ ಕೊರಳಿನಲ್ಲಿ ನಾಲ್ಕು ಕಿಲೋಗ್ರಾಂ ತೂಕದ ಗಿಟಾರ್ ನೇತಾಡುತ್ತಿರುತ್ತದೆ. ಎರಡೂ ಬದಲಾವಣೆ ಒಂದೇ ಮೆಟ್ಟಿನಲ್ಲಿ ಆಗಬೇಕೆಂಬುದು ಅವಳ ಆಸೆ. ಸ್ವಿಚ್ಚರಿನ ಐದು ಲೂಪ್‌ಗಳಲ್ಲಿ ಒಂದು ಖಾಲಿಯೇ ಇತ್ತು.

ನನಗಿಂತ ಮೊದಲು ಅವಳು ನಗರದ ಅಂಗಡಿಯೊಂದಕ್ಕೆ ಹೋಗಿದ್ದಳು. ಅಲ್ಲಿಯವರು ಆಂಪ್ಲಿಫೈಯರಿನ ಫುಟ್‌ಸ್ವಿಚ್ ತೂತಿನಿಂದ ಒಂದು ಗಿಟಾರ್ ಕೇಬಲನ್ನು ಎಳೆದು ಖಾಲಿ ಲೂಪಿನ ಹೋಗುವ ಬಾಗಿಲಿಗೆ ಚುಚ್ಚಿ ಕೊಟ್ಟಿದ್ದರು. ಚಾನೆಲ್ ಬದಲಾಯಿತು, ಸುಳ್ಳಲ್ಲ. ಅವಳ ಪೆಟ್ಟಿಗೆಯಲ್ಲಿ ಬಳಕೆಯಲ್ಲಿಲ್ಲದ ಲೂಪಿನ ಹೋಗುವ ಬಾಗಿಲು ಗ್ರೌಂಡಿಗೆ ಸೇರಿರುತ್ತದೆ. ಆ ಸೇರುವಿಕೆಯೇ ಫುಟ್‌ಸ್ವಿಚ್ಚಿನ ಕೆಲಸ ಮಾಡಿತು, ಆದರೆ ತಲೆಕೆಳಗಾಗಿ: ದೀಪ ಆರಿದಾಗ ಗಡಸು ಧ್ವನಿ, ಹೊತ್ತಿದಾಗ ತಿಳಿ ಧ್ವನಿ. ಅದನ್ನಾದರೂ ಸಹಿಸಬಹುದಿತ್ತು. ಅದರೊಂದಿಗೆ, ಗಿಟಾರ್ ಸುಮ್ಮನಿದ್ದಾಗಲೂ ಜೇನುಗೂಡಿನ ಬಳಿ ನಿಂತಂತೆ ಒಂದೇ ಸಮನೆ ಗುಂಯ್‌ಗುಡುವ ಸದ್ದು ಆರಂಭವಾಯಿತು. ಹಾಗೆಯೇ ಆಂಪ್ಲಿಫೈಯರಿನ ರಿವರ್ಬ್, ಎಂದರೆ ಗುಹೆಯೊಳಗಿನಂತಹ ಅನುರಣನ, ಯಾವ ಗುಂಡಿಗೂ ಬಗ್ಗದೆ ಹೋಯಿತು. ಸದ್ದಿಗೆ ಅಂಗಡಿಯವರು ಹೇಳಿದ ಪರಿಹಾರವೆಂದರೆ ಆಂಪ್ಲಿಫೈಯರಿನ ಮೂರು ಕಾಲಿನ ಪ್ಲಗ್ಗಿನಿಂದ ದಪ್ಪ ಕಾಲನ್ನು ಕತ್ತರಿಸಿ ಹಾಕುವುದು!

ಇಲ್ಲಿ ನನ್ನ ಸ್ವರ ಸ್ವಲ್ಪ ಏರಿದರೆ ಓದುಗರು ಕ್ಷಮಿಸಬೇಕು. ನಮ್ಮಲ್ಲಿ ತುಳು, ಮಲಯಾಳ, ಕೊಂಕಣಿ, ಹವಿಗನ್ನಡ, ಯಾವ ಮಾತಿನವರು ನನ್ನ ಅಂಗಡಿಗೆ ಬಂದರೂ ಆ ದಪ್ಪ ಕಾಲಿಗೆ ಎಲ್ಲರೂ ‘ಅರ್ತ್’ ಎಂದೇ ಹೇಳುವುದು. ಅದು ಉಳಿದೆರಡಕ್ಕಿಂತ ದಪ್ಪವಾಗಿ, ಉದ್ದವಾಗಿ ಇರುವುದಕ್ಕೆ ಕಾರಣವಿದೆ: ಪ್ಲಗ್ಗನ್ನು ಚುಚ್ಚುವಾಗ ಭೂಸಂಪರ್ಕ ಎಲ್ಲಕ್ಕಿಂತ ಮೊದಲು ಆಗಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಹೋಗಬೇಕು. ಗಿಟಾರಿನ ತಂತಿಗಳು ಕೇಬಲ್ಲಿನ ಹೊರಕವಚದ ಮೂಲಕ ಆಂಪ್ಲಿಫೈಯರಿನ ಲೋಹದ ಮೈಗೆ ಸೇರಿಕೊಂಡಿರುತ್ತವೆ. ಒಳಗೆ ಎಲ್ಲಿಯಾದರೂ 230 ವೋಲ್ಟಿನ ತಂತಿ ಆ ಮೈಗೆ ತಾಗಿತೆನ್ನಿ. ಭೂಸಂಪರ್ಕವಿದ್ದರೆ ಫ್ಯೂಸ್ ಹಾರುತ್ತದೆ; ಇಲ್ಲದಿದ್ದರೆ ನುಡಿಸುವವರ ಬೆರಳುಗಳೇ ದಾರಿಯಾಗುತ್ತವೆ. ಎದುರಿಗೆ ಭೂಸಂಪರ್ಕವಿರುವ ಮೈಕ್, ಅದಕ್ಕೆ ತಾಗಿದ ತುಟಿ. ಸ್ಟೋನ್ ದಿ ಕ್ರೋಸ್ ಎಂಬ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ 1972ರ ಮೇ 3ರಂದು ವೇಲ್ಸಿನ ಸ್ವಾನ್‌ಸೀ ನಗರದಲ್ಲಿ, ಪ್ರೇಕ್ಷಕರ ಎದುರಿನಲ್ಲೇ, ಸರಿಯಾದ ಭೂಸಂಪರ್ಕವಿಲ್ಲದ ಮೈಕನ್ನು ಮುಟ್ಟಿ ಪ್ರಾಣ ಕಳೆದುಕೊಂಡ. ಅವನ ವಯಸ್ಸು 30 ತುಂಬಿರಲಿಲ್ಲ. ಅಲ್ಲಿ ಮೈಕ್ ತಪ್ಪಿತ್ತು, ಇಲ್ಲಿ ಆಂಪ್ಲಿಫೈಯರ್ ತಪ್ಪುತ್ತಿತ್ತು. ನಡುವೆ ನಿಲ್ಲುವ ಮನುಷ್ಯನಿಗೆ ಎರಡೂ ಒಂದೇ. ನಮ್ಮ ಚಪ್ಪರಗಳಲ್ಲಂತೂ ತೇವದ ನೆಲ, ಜನರೇಟರು, ಗಂಟು ಹಾಕಿದ ವಯರುಗಳು ಎಲ್ಲವೂ ಒಟ್ಟಿಗೆ ಇರುತ್ತವೆ.

ಇದಕ್ಕಿಂತ ವಿಚಿತ್ರವೆಂದರೆ ಆ ಪರಿಹಾರದಿಂದ ಸದ್ದು ಹೋಗುತ್ತಲೂ ಇರಲಿಲ್ಲ. ಏಕೆಂದರೆ ಸದ್ದಿನ ಮೂಲ ಗೋಡೆಯ ಸಾಕೆಟ್ಟಿನಲ್ಲಿ ಇರಲಿಲ್ಲ. ಗಿಟಾರಿನ ಸಂಕೇತವನ್ನು ಸ್ವಿಚ್ಚರಿನಿಂದ ಆಂಪ್ಲಿಫೈಯರಿಗೆ ಒಯ್ಯುವ ಕೇಬಲ್ಲಿನ ಹೊರಕವಚ ಆ ಎರಡರ ಲೋಹದ ಮೈಗಳನ್ನು ಆಗಲೇ ಜೋಡಿಸಿತ್ತು. ಫುಟ್‌ಸ್ವಿಚ್ಚಿನ ಹೆಸರಿನಲ್ಲಿ ಎಳೆದ ಎರಡನೆಯ ಕೇಬಲ್ಲಿನ ಕವಚ ಅದೇ ಮೈಗಳನ್ನು ಇನ್ನೊಮ್ಮೆ ಜೋಡಿಸಿತು. ಎರಡೂ ಸೇರಿ ವೇದಿಕೆಯ ಮೇಲೆ ಒಂದು ದೊಡ್ಡ ಬಳೆ ನಿರ್ಮಾಣವಾಯಿತು. ಸುತ್ತಲಿನ ಟ್ರಾನ್ಸ್‌ಫಾರ್ಮರುಗಳಿಂದ, ಮನೆಗೆ ಬರುವ ವಿದ್ಯುತ್ತಿನ ತಂತಿಗಳಿಂದ ಹೊಮ್ಮುವ ಕಾಂತಕ್ಷೇತ್ರ ಸೆಕೆಂಡಿಗೆ 50 ಆವರ್ತಗಳಂತೆ ಏರಿಳಿಯುತ್ತಾ ಆ ಬಳೆಯಲ್ಲಿ ಸಣ್ಣ ಪ್ರವಾಹವನ್ನು ಹುಟ್ಟಿಸುತ್ತದೆ. ಅದೇ ಪ್ರವಾಹ ಗಿಟಾರಿನ ಕೇಬಲ್ಲಿನ ಕವಚದಲ್ಲಿಯೂ ಹರಿಯುವುದರಿಂದ ಸಂಕೇತದೊಂದಿಗೆ ಬೆರೆತು ಸ್ಪೀಕರಿನಲ್ಲಿ ಕೇಳಿಸುತ್ತದೆ. ಬಳೆಯನ್ನು ಒಡೆಯಬೇಕಾದ ಜಾಗ ಎರಡನೆಯ ಕೇಬಲ್, ಪ್ಲಗ್ಗಿನ ಕಾಲಲ್ಲ.

ಗೊಂದಲಕ್ಕೆ ಮೂಲ ಆ ತೂತಿನ ಆಕಾರವೇ ಎಂದು ನನ್ನ ಅಭಿಪ್ರಾಯ. 6.35 ಮಿಲಿಮೀಟರ್ ವ್ಯಾಸದ ಈ ಪ್ಲಗ್ಗು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಟೆಲಿಫೋನ್ ವಿನಿಮಯ ಕೇಂದ್ರಗಳಿಗಾಗಿ ಹುಟ್ಟಿದ್ದು. ಒಬ್ಬರ ತಂತಿಯನ್ನು ಮತ್ತೊಬ್ಬರ ತಂತಿಗೆ ಕೈಯಿಂದ ಚುಚ್ಚಿ ಜೋಡಿಸುತ್ತಿದ್ದ ಕಾಲದ್ದು. ಅದು ಇಂದು ಆಂಪ್ಲಿಫೈಯರಿನ ಮೈಮೇಲೆ ನಾಲ್ಕಾರು ಕಡೆ ಒಂದೇ ಮುಖ ಹೊತ್ತು ಕುಳಿತಿದೆ. ಒಂದು ಗಿಟಾರಿನ ಪ್ರವೇಶ. ಒಂದು ಪೆಡಲ್‌ಗಳಿಗಾಗಿ ಹೊರಗೆ ಹೋಗಿ ಬರುವ ಜೋಡಿ. ಒಂದು ಸ್ಪೀಕರಿಗೆ ಹೋಗುವ ಶಕ್ತಿಶಾಲಿ ಪ್ರವಾಹ. ಇದನ್ನಂತೂ ಸ್ವಿಚ್ಚರಿನ ಹತ್ತಿರವೂ ತರಬಾರದು, ಸ್ಪೀಕರ್ ಇಲ್ಲದೆ ನುಡಿಸಿದರೆ ವಾಲ್ವ್ ಆಂಪ್ಲಿಫೈಯರಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಇನ್ನೊಂದು ಫುಟ್‌ಸ್ವಿಚ್. ಈ ಕೊನೆಯದರಲ್ಲಿ ಸಾಮಾನ್ಯವಾಗಿ ಹಾಡು ಹರಿಯುವುದೇ ಇಲ್ಲ. ಅದು ಶಾಲೆಯ ಗಂಟೆಯಿದ್ದಂತೆ. ಗಂಟೆಯ ನಾದದಲ್ಲಿ ಗಣಿತವೂ ಇಲ್ಲ, ಚರಿತ್ರೆಯೂ ಇಲ್ಲ. ಅದನ್ನು ಕೇಳಿ ಅಧ್ಯಾಪಕರು ತರಗತಿ ಬದಲಾಯಿಸುತ್ತಾರೆ, ಅಷ್ಟೆ.

ಇಷ್ಟು ಹೇಳುವಾಗ ನನಗೆ ನೆನಪಾದವರು ನಮ್ಮ ವಿಜ್ಞಾನದ ಮಾಸ್ತರರು. ಶಾಲೆಯ ಮೊದಲ ದಶಕದಲ್ಲಿ ಪ್ರಯೋಗಶಾಲೆ ಎಂದರೆ ಒಂದು ಮರದ ಕಪಾಟು ಮಾತ್ರ. ಅವರು ನಮ್ಮನ್ನು ಅಂಗಳಕ್ಕೆ ಕರೆದೊಯ್ದು, ವೃತ್ತಾಕಾರವಾಗಿ ನಿಲ್ಲಿಸಿ, ಪ್ರತಿಯೊಬ್ಬರ ಕೈಗೂ ಒಂದೊಂದು ಅಡಿಕೆ ಕೊಡುತ್ತಿದ್ದರು. ಎಡಗಡೆಯವನಿಂದ ಪಡೆದು ಬಲಗಡೆಯವನಿಗೆ ಕೊಡುವುದು, ಎಲ್ಲರೂ ಏಕಕಾಲದಲ್ಲಿ. ಅಡಿಕೆಗಳು ಸುತ್ತುತ್ತಿದ್ದಾಗ ಒಬ್ಬನನ್ನು ಹಿಂದಕ್ಕೆ ಎಳೆಯುತ್ತಿದ್ದರು. ತಕ್ಷಣ ಇಡೀ ವೃತ್ತ ಸ್ತಬ್ಧ. “ಸ್ವಿಚ್ಚು ಯಾರಿಗೂ ಅಡಿಕೆ ಕೊಡುವುದಿಲ್ಲ ಮಕ್ಕಳೇ, ಸಾಲಿನಲ್ಲಿ ನಿಲ್ಲುತ್ತದೆ ಅಥವಾ ನಿಲ್ಲುವುದಿಲ್ಲ,” ಎನ್ನುತ್ತಿದ್ದರು. ನಾನು ಈ ಕಥೆಯನ್ನು ಆರಂಭಿಸುವಷ್ಟರಲ್ಲಿ ಹುಡುಗಿ ನಕ್ಕು, “ಅಡಿಕೆಯಾಟ ಅಲ್ವಾ ಮಾಮಾ? ನಾವೂ ಆಡಿದ್ದೇವೆ,” ಎಂದಳು. ಆ ಮಾಸ್ತರರ ಶಿಷ್ಯರೊಬ್ಬರು ಮುಂದೆ ಇದೇ ಶಾಲೆಯಲ್ಲಿ ಅಧ್ಯಾಪಕರಾಗಿ, ಆ ಆಟವನ್ನು ಅವಳ ತರಗತಿಗೂ ಆಡಿಸಿದ್ದರಂತೆ. ಆಮೇಲೆ ನನ್ನ ವಿವರಣೆಯ ಅರ್ಧ ಭಾರ ಇಳಿಯಿತು. ಪಾಲಿಟೆಕ್ನಿಕ್ಕಿನಲ್ಲಿ ಇವೆಲ್ಲ ಇಂಗ್ಲಿಷಿನಲ್ಲಿ ಬಂದಾಗ ಮೊದಲ ಕೆಲವು ತಿಂಗಳು ಕಂಗೆಟ್ಟಿದ್ದೆನೆಂದೂ, ಮನಸ್ಸಿನೊಳಗೆ ಅಂಗಳದ ಆ ವೃತ್ತವನ್ನು ಇಟ್ಟುಕೊಂಡೇ ಪಾಸಾದೆನೆಂದೂ ಅವಳು ಹೇಳಿದಳು. ಮಾತು ಅಲ್ಲಿಗೆ ನಿಂತಿತು. ಕೈಗೆ ಮಲ್ಟಿಮೀಟರ್ ಬಂದಿತು.

ಮೊದಲ ಕೆಲಸ ಅಳೆಯುವುದು. ಫುಟ್‌ಸ್ವಿಚ್ಚಿನ ತೂತಿಗೆ ಖಾಲಿ ಸ್ಟೀರಿಯೊ ಪ್ಲಗ್ಗೊಂದನ್ನು ಚುಚ್ಚಿದೆವು. ಅದಕ್ಕೆ ಮೂರು ಭಾಗ: ತುದಿ, ಉಂಗುರ, ಬುಡ; ಅಂಗಡಿಯ ಮಾತಿನಲ್ಲಿ ಟಿಪ್, ರಿಂಗ್, ಸ್ಲೀವ್. ತುದಿಗೂ ಬುಡಕ್ಕೂ ನಡುವೆ ಸುಮಾರು 5 ವೋಲ್ಟ್ ಡಿ.ಸಿ. ಕಂಡಿತು, ಎ.ಸಿ. ಏನೂ ಇರಲಿಲ್ಲ. ಎರಡನ್ನೂ ಮೀಟರಿನ ಮೂಲಕ ಸೇರಿಸಿದಾಗ ಹರಿದದ್ದು 2 ಮಿಲಿ ಆಂಪಿಯರಿಗಿಂತ ಕಡಿಮೆ, ಜೊತೆಗೆ ಚಾನೆಲ್ ಬದಲಾಯಿತು. ಸೇರಿಸಿ ಹಿಡಿದಷ್ಟು ಹೊತ್ತು ಗಡಸು, ಬಿಟ್ಟೊಡನೆ ತಿಳಿ. ಎಂದರೆ ಇದು ಒತ್ತಿದ ಸ್ಥಿತಿಯಲ್ಲೇ ನಿಲ್ಲುವ ಸ್ವಿಚ್ಚನ್ನು ಬಯಸುವ ಆಂಪ್ಲಿಫೈಯರ್. ಕ್ಷಣಕಾಲ ಒತ್ತಿ ಬಿಡುವ ಗುಂಡಿ ಇದಕ್ಕೆ ಆಗದು. ಉಂಗುರವನ್ನು ಬುಡಕ್ಕೆ ತಾಗಿಸಿದಾಗ ರಿವರ್ಬ್ ಅಡಗಿತು. ಅಂಗಡಿಯವರ ಕೇಬಲ್ಲಿನಿಂದ ರಿವರ್ಬ್ ಏಕೆ ಸತ್ತಿತ್ತೆಂಬುದೂ ಇದರಿಂದಲೇ ತಿಳಿಯಿತು. ಗಿಟಾರ್ ಕೇಬಲ್ಲಿನ ಪ್ಲಗ್ಗಿಗೆ ಉಂಗುರವಿಲ್ಲ, ಉದ್ದನೆಯ ಬುಡ ಮಾತ್ರ. ಅದನ್ನು ಸ್ಟೀರಿಯೊ ತೂತಿಗೆ ಚುಚ್ಚಿದರೆ ಉಂಗುರದ ಸಂಪರ್ಕ ಬುಡಕ್ಕೆ ಸೇರಿಯೇ ಇರುತ್ತದೆ.

ಎಲ್ಲ ಆಂಪ್ಲಿಫೈಯರುಗಳೂ ಹೀಗಿಲ್ಲ ಎಂಬ ಎಚ್ಚರಿಕೆಯನ್ನು ನಡುವೆ ಸೇರಿಸಬೇಕು. ಫೆಂಡರ್ ಕಂಪನಿಯ 1960ರ ದಶಕದ ಆಂಪ್ಲಿಫೈಯರುಗಳಲ್ಲಿ ರಿವರ್ಬಿನ ಫುಟ್‌ಸ್ವಿಚ್ ಅನುರಣನದ ಧ್ವನಿಸಂಕೇತವನ್ನೇ ಗ್ರೌಂಡಿಗೆ ಎಳೆದು ಅಡಗಿಸುತ್ತದೆ. ಅಲ್ಲಿ ಗಂಟೆಯ ತಂತಿಯಲ್ಲೂ ಸ್ವಲ್ಪ ಹಾಡಿದೆ, ಆದ್ದರಿಂದ ಕವಚವಿರುವ ಕೇಬಲ್ ಬೇಕು. ಅದೇ ಕಂಪನಿಯ ಹಾಟ್ ರಾಡ್ ಶ್ರೇಣಿಯಲ್ಲಿ ಒಂದೇ ಜೊತೆ ತಂತಿಯಲ್ಲಿ ಎ.ಸಿ. ಕಳುಹಿಸಿ, ಡಯೋಡುಗಳ ಮೂಲಕ ಮೇಲಿನ ಅರ್ಧ ಅಲೆಗೊಂದು ಗುಂಡಿ, ಕೆಳಗಿನ ಅರ್ಧ ಅಲೆಗೊಂದು ಗುಂಡಿ ಎಂದು ಹಂಚುತ್ತಾರೆ. ಸುಮ್ಮನೆ ಸೇರಿಸಿದರೆ ಎರಡೂ ಒಟ್ಟಿಗೆ ಬದಲಾಗುತ್ತವೆ. ಹಲವು ಕಾಲುಗಳ ದುಂಡನೆಯ ಕನೆಕ್ಟರ್ ಇದ್ದರೆ, ಕೈಪಿಡಿಯನ್ನು ಓದದೆ ತಂತಿ ಮುಟ್ಟಿಸಬಾರದು. ಅಳೆಯದೆ ಜೋಡಿಸುವ ಮೆಕ್ಯಾನಿಕ್ ನಾಡಿ ನೋಡದೆ ಔಷಧ ಕೊಡುವ ವೈದ್ಯನಂತೆ.

ಇನ್ನು ಸ್ವಿಚ್ಚರ್. ಆಂಪ್ಲಿಫೈಯರಿಗೆಂದೇ ಪ್ರತ್ಯೇಕ ಸಂಪರ್ಕವನ್ನು ಕೊಡುವ ಸ್ವಿಚ್ಚರುಗಳು ಮಾರುಕಟ್ಟೆಯಲ್ಲಿವೆ, ಅವಳದು ಅಂಥದ್ದಲ್ಲ. ಹಿಂಬದಿಯ ಮುಚ್ಚಳ ತೆಗೆದಾಗ ಐದೂ ಲೂಪ್‌ಗಳಿಗೆ ಒಂದೊಂದು 5 ವೋಲ್ಟಿನ ರಿಲೇ ಕಂಡಿತು. ರಿಲೇಯ ಸೌಂದರ್ಯವಿರುವುದು ಅದರ ಎರಡು ಲೋಕಗಳಲ್ಲಿ. ಒಂದು ಕಡೆ ಸುರುಳಿ. 140 ಮಿಲಿವ್ಯಾಟಿನ ಆ ಜಾತಿಗೆ ಸುಮಾರು 28 ಮಿಲಿ ಆಂಪಿಯರ್ ಸಾಕು. ಇನ್ನೊಂದು ಕಡೆ ಸಂಪರ್ಕಗಳು. ಸುರುಳಿಯ ಕಾಂತ ಸಂಪರ್ಕವನ್ನು ಎಳೆಯುತ್ತದೆಯೇ ಹೊರತು ಎರಡರ ನಡುವೆ ತಂತಿಯ ಸಂಬಂಧವಿಲ್ಲ. ನಮಗೆ ಬೇಕಾದದ್ದು ಇದೇ. ಐದನೆಯ ಲೂಪಿನ ರಿಲೇಯ ಸಂಪರ್ಕಗಳನ್ನು ಹಾಡಿನ ದಾರಿಯಿಂದ ಪೂರ್ತಿ ಬಿಡಿಸಿದೆವು. ಬೋರ್ಡಿನ ತಾಮ್ರದ ಗೆರೆಗಳನ್ನು ಬ್ಲೇಡಿನಿಂದ ಕತ್ತರಿಸಿ, ಸಂಕೇತವು ಆ ಜಾಗವನ್ನು ದಾಟಿ ಹೋಗಲು ಒಂದು ತುಂಡು ತಂತಿಯ ಸೇತುವೆ ಹಾಕಿದೆವು. ರಿಲೇಯಲ್ಲಿ ಎರಡು ಜೊತೆ ಸಂಪರ್ಕಗಳಿದ್ದುದರಿಂದ ಅವೆರಡನ್ನೂ ಸಮಾಂತರವಾಗಿ ಸೇರಿಸಿದೆ. ಧೂಳಿನಿಂದ ಒಂದು ಕೈಕೊಟ್ಟರೂ ಇನ್ನೊಂದು ಇರಲಿ ಎಂದು. ದೀಪ ಹೊತ್ತಿದಾಗ ಕೂಡುವ ಸಂಪರ್ಕವನ್ನೇ ಆರಿಸಿಕೊಂಡದ್ದರಿಂದ ಹಿಂದಿನ ತಲೆಕೆಳಗು ಲೆಕ್ಕವೂ ಸರಿಯಾಯಿತು.

ಹಳೆಯ ಹೋಗುವ ಬಾಗಿಲಿನ ಜ್ಯಾಕ್ ಲೋಹದ ಕುತ್ತಿಗೆಯದು. ಅದನ್ನು ಉಳಿಸಿಕೊಂಡಿದ್ದರೆ ಬುಡದ ತಂತಿ ಪೆಟ್ಟಿಗೆಯ ಮೈಗೆ ತಾಗಿ ಅದೇ ಬಳೆ ಮತ್ತೆ ಹುಟ್ಟುತ್ತಿತ್ತು. ಆದ್ದರಿಂದ ಅದನ್ನು ತೆಗೆದು ಪ್ಲಾಸ್ಟಿಕ್ ಕುತ್ತಿಗೆಯ ಸ್ಟೀರಿಯೊ ಜ್ಯಾಕ್ ಕೂರಿಸಿದೆವು. ಸಂಪರ್ಕದ ಒಂದು ಕೊನೆ ತುದಿಗೆ, ಇನ್ನೊಂದು ಬುಡಕ್ಕೆ. ಉಂಗುರಕ್ಕೆ ಏನೂ ಇಲ್ಲ. ಬರುವ ಬಾಗಿಲಿನ ತೂತು ಈಗ ನಿರುಪಯೋಗಿ. ಅದಕ್ಕೊಂದು ರಬ್ಬರ್ ಬಿರಡೆ. ಬಳಿಕ ಮೀಟರಿನಲ್ಲಿ ಹೊಸ ಜ್ಯಾಕಿನ ಬುಡಕ್ಕೂ ಪೆಟ್ಟಿಗೆಯ ಮೈಗೂ ನಡುವೆ ನೋಡಿದೆವು. ಮೀಟರ್ ಕೂಗಲಿಲ್ಲ. ಈ ಕೆಲಸದಲ್ಲಿ ಮೀಟರ್ ಸುಮ್ಮನಿದ್ದದ್ದೇ ಒಳ್ಳೆಯ ಸುದ್ದಿ.

ಕೇಬಲನ್ನು ಹುಡುಗಿಯೇ ಮಾಡಿದಳು. ಎರಡೂ ಕೊನೆಗಳಿಗೆ ಸ್ಟೀರಿಯೊ ಪ್ಲಗ್ಗು, ಉಂಗುರಗಳು ಬರಿದು. ಪ್ಲಗ್ಗಿನ ಮುಚ್ಚಳವನ್ನು ಬೆಸುಗೆಗೆ ಮೊದಲೇ ತಂತಿಗೆ ಪೋಣಿಸಿಕೊಳ್ಳಬೇಕು. ಬಿಸಿಯನ್ನು ಸೀಸಕ್ಕಲ್ಲ, ಕೂಡುವ ಲೋಹಕ್ಕೆ ಕೊಡಬೇಕು. ಸೀಸ ತಾನಾಗಿ ಕರಗಿ ಹರಿದು ಹೊಳೆಯಬೇಕು, ಉಂಡೆಯಾಗಿ ಕೂರಬಾರದು. ಒಮ್ಮೆ ತೋರಿಸಿದೆ, ಎರಡನೆಯ ಕೊನೆಯನ್ನು ನನಗಿಂತ ನಯವಾಗಿ ಮಾಡಿದಳು. ಅವಳ ಕಣ್ಣು ಇನ್ನೂ ಕನ್ನಡಕ ಬೇಡದ್ದು.

ಶಾಲೆಯ ಸಭಾಂಗಣದಲ್ಲಿ ತಾಲೀಮಿಗೆ ಎಲ್ಲವನ್ನೂ ಜೋಡಿಸಿದಾಗ, ಆಂಪ್ಲಿಫೈಯರಿನ ಪ್ಲಗ್ಗು ಮೂರು ಕಾಲಿನದೇ ಆಗಿತ್ತು. ಗುಂಯ್‌ಗುಡುವ ಸದ್ದು ಇರಲಿಲ್ಲ. ವಾಲ್ವುಗಳ ಸಹಜವಾದ ನಿಟ್ಟುಸಿರಷ್ಟೇ ಉಳಿದಿತ್ತು. ಒಂದು ಮೆಟ್ಟಿಗೆ ಪೆಡಲ್ ಎರಡು ಒಳಬಂದವು, ಚಾನೆಲ್ ಗಡಸಾಯಿತು. ಮತ್ತೊಂದು ಮೆಟ್ಟಿಗೆ ಎಲ್ಲವೂ ತಿಳಿಯಾಯಿತು. ರಿವರ್ಬ್ ಮತ್ತೆ ಜೀವ ತಳೆದಿತ್ತು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಅವಳ ಅಜ್ಜಿಗೆ ಈ ಯಾವ ವ್ಯತ್ಯಾಸವೂ ತಿಳಿಯಲಿಲ್ಲ, ಮೊಮ್ಮಗಳು ಈಗ ಕೆಳಗೆ ನೋಡದೆ ಹಾಡುತ್ತಾಳೆ ಎಂಬುದೊಂದನ್ನು ಬಿಟ್ಟು.

ಅದೇ ವಾರ ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ನಾನು ಈ ಪ್ಲಗ್ಗಿನ ಕಾಲಿನ ವಿಷಯವನ್ನು ಎತ್ತಿದೆ. ಬಣ್ಣದ ದೀಪಗಳ ಖರ್ಚಿನಲ್ಲಿ ಸ್ವಲ್ಪ ಕಡಿತ ಮಾಡಿ, ವೇದಿಕೆಯ ವಿದ್ಯುತ್ ಫಲಕಕ್ಕೆ 30 ಮಿಲಿ ಆಂಪಿಯರಿನ ಸೋರಿಕೆಗೇ ಕಡಿದುಹೋಗುವ ಆರ್.ಸಿ.ಸಿ.ಬಿ. ಒಂದನ್ನು ಹಾಕಿಸಲು ಸಭೆ ಒಪ್ಪಿತು. ಅದು ಈಗ ಅಳವಡಿಕೆಯಾಗಿದೆ. ಅದರ ಪರೀಕ್ಷಾ ಗುಂಡಿಯನ್ನು ಪ್ರತಿ ಕಾರ್ಯಕ್ರಮದ ಮೊದಲು ಒಮ್ಮೆ ಒತ್ತಿ ನೋಡುವ ಕೆಲಸವನ್ನು ಹತ್ತನೆಯ ತರಗತಿಯ ಇಬ್ಬರು ಮಕ್ಕಳು ವಹಿಸಿಕೊಂಡಿದ್ದಾರೆ.

ಅಂಗಡಿಯಿಂದ ಪೆಟ್ಟಿಗೆಯನ್ನು ಒಯ್ಯುವ ದಿನ ಹುಡುಗಿ ಬಿಳಿ ಪಟ್ಟಿಯನ್ನು ಕತ್ತರಿಸಿ ಜ್ಯಾಕುಗಳ ಮೇಲೆ ಕನ್ನಡದಲ್ಲಿ ಹೆಸರು ಬರೆದು ಅಂಟಿಸಿದಳು. ನಾಲ್ಕು ಜೋಡಿಗಳಿಗೆ ‘ಹೋಗು’, ‘ಬಾ’. ಐದನೆಯದಕ್ಕೆ ‘ಗಂಟೆ’. ಅದರ ಕೇಬಲ್ಲಿನದೇ ಇನ್ನೊಂದು ಪ್ರತಿಯನ್ನು ಮಾಡಿ ಶಾಲೆಯ ಮೈಕ್ ಸೆಟ್ಟಿನ ಪೆಟ್ಟಿಗೆಯಲ್ಲಿ ಇರಿಸಿದ್ದೇನೆ. ಗಿಟಾರಿನ ಕೇಬಲೆಂದು ಯಾರೂ ಬಳಸದಿರಲಿ ಎಂದು ಅದಕ್ಕೂ ಒಂದು ಚೀಟಿ ಕಟ್ಟಿದೆ.